ಫೆಬ್ರವರಿಯ ಬಿಸಿಲಿಗೊಂದು ಕೋಟು ಬಣ್ಣ

ಬಣ್ಣ ನೋಡಲು ಯಾವ ಬೆಳಕು ಒಳ್ಳೆಯದು ಎಂದರೆ ಚಿತ್ರ ಬರೆಯುವವರು ಉತ್ತರ ದಿಕ್ಕಿನ ಕಿಟಕಿಯನ್ನು ತೋರಿಸುತ್ತಾರೆ. ನನ್ನ ಓಟು ಬೇರೆ ಕಡೆಗೆ. ಹಿಮ ಬಿದ್ದ ಹಿತ್ತಲಲ್ಲಿ ಬಿಳಿ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದ ದೋಣಿಯ ಒಳಗೆ, ಫೆಬ್ರವರಿ ತಿಂಗಳಲ್ಲಿ, ಬೆಳಗಿನ ಹನ್ನೊಂದರ ಹೊತ್ತಿಗೆ ಸಿಗುವ ಬೆಳಕು. ಮೇಲಿನ ಬಿಸಿಲು ಹೊದಿಕೆಯಲ್ಲಿ ಸೋಸಿ ಇಳಿಯುತ್ತದೆ. ನೆಲದ ಹಿಮದ ಮೇಲೆ ಬಿದ್ದದ್ದು ಪುಟಿದು ಪಕ್ಕಗಳಿಂದ ಒಳಗೆ ಬರುತ್ತದೆ. ಕೈಗೆ ನೆರಳಿಲ್ಲ, ಬ್ರಷ್ಷಿಗೆ ನೆರಳಿಲ್ಲ. ಡಬ್ಬಿಯಲ್ಲಿರುವ ಬಣ್ಣವೂ ಡೆಕ್ಕಿನ ಮೇಲೆ ಬಳಿದ ಬಣ್ಣವೂ ಒಂದೇ ಎಂದು ಕಣ್ಣು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಹೊರಗೆ ಸೊನ್ನೆಗಿಂತ ಕೆಳಗಿದೆ, ಗೇಟಿನ ಬೀಗ ಮುಟ್ಟಿದರೆ ಬೆರಳು ಕಚ್ಚುತ್ತದೆ. ಒಳಗೆ ನಾನೂ ಭಾವನೂ ಸ್ವೆಟರು ಕಳಚಿಟ್ಟು ಕೂತಿದ್ದೇವೆ.

ದೋಣಿ ಭಾವನದು. ಮಂಗಳೂರು ಬಂದರಿನ ಪಕ್ಕದಲ್ಲಿ ಹುಟ್ಟಿ ಬೆಳೆದವರು, ಕೆಲಸದ ಮೇಲೆ ಅಮೆರಿಕಕ್ಕೆ ಬಂದು, ಮ್ಯಾಸಚೂಸೆಟ್ಸ್ ರಾಜ್ಯದ ತೆಂಕಣ ಅಂಚಿನಲ್ಲಿ ಬಝರ್ಡ್ಸ್ ಬೇ ಎಂಬ ಕೊಲ್ಲಿಯ ಹತ್ತಿರ ಮನೆ ಮಾಡಿದ್ದಾರೆ. ಬೇಸಿಗೆಯಲ್ಲಿ ಮಧ್ಯಾಹ್ನವಾಯಿತೆಂದರೆ ಈ ಕೊಲ್ಲಿಯ ಮೇಲೆ ನೈಋತ್ಯದ ಗಾಳಿ ಏಳುತ್ತದೆ. ನೀರಿಗೆ ಹೆಚ್ಚು ಆಳವಿಲ್ಲ. ಹಾಗಾಗಿ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತವೆ. ಇಂಥ ನೀರಿನ ಮೇಲೆ ಮಕ್ಕಳು ಹಾಯಿ ಕಲಿಯಲು ಒಂದು ಪುಟ್ಟ, ಗಟ್ಟಿ ದೋಣಿ ಬೇಕೆಂದು ಇಲ್ಲಿಯವರಿಗೆ 1914ರಲ್ಲಿ ಅನ್ನಿಸಿತು. ಅದನ್ನು ರೂಪಿಸಿಕೊಟ್ಟವರು ನಥಾನಿಯಲ್ ಹೆರಶಾಫ್. ನೆರೆಯ ರೋಡ್ ಐಲೆಂಡ್ ರಾಜ್ಯದ ಬ್ರಿಸ್ಟಲ್ ಊರಿನವರು. 1893ರಿಂದ 1920ರವರೆಗೆ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯಗಳಲ್ಲಿ ಗೆದ್ದ ದೋಣಿಗಳೆಲ್ಲ ಅವರ ಕೈಯವೇ. ನೂರು ಅಡಿಗೂ ಮೀರಿದ ಉದ್ದದ, ಹತ್ತಾರು ಜನ ಸೇರಿ ಹಾಯಿ ಎಳೆಯಬೇಕಾದ ರಾಕ್ಷಸ ದೋಣಿಗಳನ್ನು ಮಾಡಿದ ಮನುಷ್ಯ, 66ನೇ ವಯಸ್ಸಿನಲ್ಲಿ ಮಕ್ಕಳಿಗೆಂದು 16 ಅಡಿಯ ದೋಣಿ ಮಾಡಲು ಕೂತರು. ನೀರಿನ ಮಟ್ಟದಲ್ಲಿ ಅಳೆದರೆ ಅದರ ಉದ್ದ ಹನ್ನೆರಡೂವರೆ ಅಡಿ. ಆ ಅಳತೆಯೇ ಅದರ ಹೆಸರಾಯಿತು, ಹೆರಶಾಫ್ ಹನ್ನೆರಡೂವರೆ. ಓಕ್ ಮರವನ್ನು ಆವಿಯಲ್ಲಿ ಬೇಯಿಸಿ ಬಗ್ಗಿಸಿದ ಪಕ್ಕೆಲುಬು, ಅದರ ಮೇಲೆ ಸೀಡರ್ ಹಲಗೆ, ಅಡಿಯಲ್ಲಿ ಸೀಸದ ಭಾರ. ಕಪ್ ಗೆದ್ದ ದೋಣಿಗಳನ್ನು ಒಡೆದು ಲೋಹ ಮಾರಿಬಿಟ್ಟರು. ಈ ಪುಟಾಣಿಗಳಲ್ಲಿ ಬಹಳಷ್ಟು ಇನ್ನೂ ನೀರಿನ ಮೇಲಿವೆ. ನನಗೆ ಕೇಳಿದರೆ ಹೆರಶಾಫರ ಅತಿ ದೊಡ್ಡ ಕೆಲಸ ಇದೇ.

ಭಾವನಿಗೆ ಇದು ಸಿಕ್ಕಿದ್ದು ನೆರೆಯ ಮುದುಕರೊಬ್ಬರಿಂದ. ಅವರಿಗೆ ಮೊಣಕಾಲು ಕೈಕೊಟ್ಟಿತು, ದೋಣಿ ಬೇಲಿ ದಾಟಿ ಬಂತು.

ಅಕ್ಟೋಬರ್ ಮುಗಿಯುವುದರೊಳಗೆ ಇಲ್ಲಿಯ ಚಿಕ್ಕ ದೋಣಿಗಳೆಲ್ಲ ದಡ ಹತ್ತಿ ಹೊದಿಕೆಯೊಳಗೆ ಸೇರುತ್ತವೆ. ಕೂವೆಮರ ಕಳಚಿ ಬೇರೆ ಇಡುತ್ತಾರೆ. ದೋಣಿಯ ಮೇಲೆ ಮರದ ಪಟ್ಟಿಗಳಿಂದ ಮನೆಯ ಮಾಡಿನ ಹಾಗೆ ಇಳಿಜಾರು ಕಟ್ಟಿ, ಅದರ ಮೇಲೆ ಹಾಳೆ ಎಳೆಯುತ್ತಾರೆ. ಹಾಳೆಯಲ್ಲಿ ಜಾತಿಗಳುಂಟು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ ಟಾರ್ಪಾಲು ಬಣ್ಣದ ಕೆಲಸಕ್ಕೆ ಶತ್ರು. ಅದರ ಕೆಳಗೆ ಹಾಲೂ ನೀಲಿ, ಮುಖವೂ ನೀಲಿ, ಯಾವ ಬಣ್ಣ ಬಳಿಯುತ್ತಿದ್ದೇವೆ ಎಂದೇ ತಿಳಿಯುವುದಿಲ್ಲ. ಗಾಳಿಗೆ ಇಡೀ ರಾತ್ರಿ ಪಟಪಟ ಹೊಡೆದುಕೊಂಡು, ಕಟ್ಟಿದ ಹಗ್ಗ ಮರಕ್ಕೆ ಉಜ್ಜಿ ವಾರ್ನಿಷ್ ಕಿತ್ತುಹಾಕುತ್ತದೆ. ಪೂರ್ತಿ ಪಾರದರ್ಶಕ ಹಾಳೆಯೂ ಉಂಟು, ಅದರೊಳಗೆ ಸೆಕೆ ಬೇಗ ಏರುತ್ತದೆ, ಅಷ್ಟೇ ಬೇಗ ಇಳಿಯುತ್ತದೆ. ಇವೆರಡರ ನಡುವಿನದು, ಬಿಸಿ ಗಾಳಿ ಹಾಯಿಸಿದರೆ ಕುಗ್ಗಿ ಮೈಗೆ ಬಿಗಿಯಾಗಿ ಅಂಟುವ ಬಿಳಿ ಪಾಲಿಥಿನ್. ಒಳಗೆ ಹೋಗಿಬರಲು ಅದಕ್ಕೆ ಜಿಪ್ ಇರುವ ಬಾಗಿಲನ್ನೂ ಅಂಟಿಸಿಕೊಳ್ಳಬಹುದು. ಹೊಸದಾಗಿ ಬಿಗಿದ ಹಾಳೆಯನ್ನು ಬೆರಳಿನಿಂದ ಮೀಟಿದರೆ ಡುಮ್ಮೆನ್ನುತ್ತದೆ. ಮಾಡಿನ ಮೇಲೆ ಕೂತ ಹಿಮ ಬಿಸಿಲು ಏರಿದ ಮೇಲೆ ಸುಯ್ಯೆಂದು ಜಾರಿ ಬೀಳುವ ಸದ್ದು ಒಳಗೆ ಕೂತವರಿಗೆ ಮಾತ್ರ ಕೇಳುವಂಥದ್ದು. ಒಂದು ಚಳಿಗಾಲ ಕಳೆದ ಮೇಲೆ ಹರಿದು ಎಸೆಯಬೇಕಾದ ಪ್ಲಾಸ್ಟಿಕ್ ಅದು ಎಂಬುದು ಮನಸ್ಸಿಗೆ ಚುಚ್ಚುತ್ತದೆ, ನಿಜ. ಭಾವ ಬಾಗಿಲು ಮಾತ್ರ ಉಳಿಸಿಕೊಂಡು ಮರುವರ್ಷಕ್ಕೆ ಬಳಸುತ್ತಾರೆ.

ಈ ಚಳಿಯಲ್ಲಿ ಬಣ್ಣ ಬಳಿಯುವುದಾ ಎಂದು ಕೇಳದವರಿಲ್ಲ. ಏಪ್ರಿಲ್ ಬರಲಿ, ಮೇ ಬರಲಿ ಎನ್ನುತ್ತಾರೆ. ಕಾದು ನೋಡಿದವರಿಗೆ ಗೊತ್ತು: ಏಪ್ರಿಲ್ ಎಂದರೆ ಮಳೆ, ಮೇ ತಿಂಗಳ ಕೊನೆಗೆ ಪೈನ್ ಮರಗಳು ಹಳದಿ ಪರಾಗ ಚೆಲ್ಲಲು ಶುರುಮಾಡುತ್ತವೆ. ಕಾರಿನ ಗಾಜು, ಕೆರೆಯ ನೀರು, ಅಂಗಳದ ಕುರ್ಚಿ, ಎಲ್ಲದರ ಮೇಲೂ ಅರಿಶಿನ ಚೆಲ್ಲಿದಂತೆ ಕೂರುವ ಪುಡಿ ಹಸಿ ಬಣ್ಣವನ್ನು ಬಿಡುತ್ತದೆಯೇ? ಅದರ ಜೊತೆಗೆ ನುಸಿ, ಸೊಳ್ಳೆ. ಬಣ್ಣದಲ್ಲಿ ಸಿಕ್ಕಿಕೊಂಡ ನುಸಿಯನ್ನು ತೆಗೆಯಲು ಹೋದರೆ ಬಣ್ಣಕ್ಕೆ ಗಾಯ, ಬಿಟ್ಟರೆ ನುಸಿಗೆ ಶಾಶ್ವತ ಸಮಾಧಿ. ಫೆಬ್ರವರಿಯ ಗಾಳಿಯಲ್ಲಿ ಇವು ಯಾವುದೂ ಇಲ್ಲ. ನೆಲವೆಲ್ಲ ಹೆಪ್ಪುಗಟ್ಟಿದೆ, ಧೂಳೇಳುವುದಿಲ್ಲ. ಚಳಿಯನ್ನು ಎಲ್ಲರೂ ಬಣ್ಣದ ವೈರಿ ಎಂದೇ ಎಣಿಸುತ್ತಾರೆ. ಅದು ಕೊಡುವ ಈ ಚೊಕ್ಕತನಕ್ಕೆ ಲೆಕ್ಕ ಇಡುವವರು ಕಡಿಮೆ.

ಚಳಿಗಾಲದ ಪೇಚು ಬೇರೆ ಕಡೆ ಇದೆ, ನೀರಿನಲ್ಲಿ.

ಹೆಚ್ಚಿನ ಬಣ್ಣದ ಡಬ್ಬಿಗಳ ಮೇಲೆ 10 ಡಿಗ್ರಿಗಿಂತ ಕೆಳಗೆ ಬಳಸಬೇಡಿ ಎಂದು ಬರೆದಿರುತ್ತದೆ. ಬಿಸಿಲಿದ್ದ ದಿನ ಹೊದಿಕೆಯೊಳಗಿನ ಗಾಳಿ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಗಾಳಿ ಬೆಚ್ಚಗಾಯಿತೆಂದು ಬ್ರಷ್ ಎತ್ತಿಕೊಂಡರೆ ಮಾತ್ರ ಕೆಲಸ ಕೆಟ್ಟಿತು. ಮರ ಇನ್ನೂ ರಾತ್ರಿಯ ಚಳಿಯಲ್ಲೇ ಇರುತ್ತದೆ. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿ ಬೆವರುವಂತೆ ಡೆಕ್ಕೂ ಬೆವರುತ್ತದೆ. ಕಣ್ಣಿಗೆ ಕಾಣದಷ್ಟು ತೆಳ್ಳಗೆ, ಆದರೆ ಬಣ್ಣದ ಹಿಡಿತ ಬಿಡಿಸಲು ಅಷ್ಟು ಸಾಕು. ಆದ್ದರಿಂದ ನೋಡಬೇಕಾದದ್ದು ಇಬ್ಬನಿ ಕಟ್ಟುವ ಉಷ್ಣತೆಯನ್ನು. ಡೆಕ್ಕು ಅದಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎನ್ನುವುದು ಬಣ್ಣದ ಕಸುಬಿನವರೆಲ್ಲ ಒಪ್ಪಿದ ನಿಯಮ. ಒಂದು ಲೆಕ್ಕ ಹೇಳುತ್ತೇನೆ. ಒಳಗಿನ ಗಾಳಿ 15 ಡಿಗ್ರಿ, ತೇವಾಂಶ ನೂರಕ್ಕೆ 70 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು ಒಂಬತ್ತೂವರೆ ಡಿಗ್ರಿಯಲ್ಲಿ. ಎಂದರೆ ಡೆಕ್ಕು ಹನ್ನೆರಡೂವರೆ ಮುಟ್ಟುವವರೆಗೆ ಕೈಕಟ್ಟಿ ಕೂರಬೇಕು. ಭಾವನ ಬಳಿ ಇದಕ್ಕೆ ಎರಡು ಸಾಮಾನುಗಳಿವೆ: ತೇವಾಂಶ ತೋರಿಸುವ ಗಡಿಯಾರದಂಥದ್ದೊಂದು, ಗುರಿ ಹಿಡಿದು ಗುಂಡಿ ಒತ್ತಿದರೆ ಮರದ ಮೈಬಿಸಿ ಹೇಳುವ ಇನ್ಫ್ರಾರೆಡ್ ಥರ್ಮಾಮೀಟರ್ ಇನ್ನೊಂದು. ಮೂತಿಯ ಹತ್ತಿರ ಒಂದು ಅಂಕಿ, ಬಿಸಿಲು ಬೀಳುವ ಬಲಗಡೆ ಇನ್ನೊಂದು, ಎಡಗಡೆ ಮತ್ತೊಂದು. ಅಷ್ಟು ಚಿಕ್ಕ ದೋಣಿಯ ಮೇಲೆ ಅಷ್ಟೊಂದು ಹವಾಮಾನ.

ಇದರಲ್ಲಿ ಇನ್ನೊಂದು ಚೋದ್ಯವಿದೆ. ರಾತ್ರಿ ಹೊದಿಕೆಯ ಒಳಮೈಗೆ ತೇವ ಅಂಟಿ ಮಂಜುಗಡ್ಡೆಯ ಹೂವಾಗಿ ಕೂತಿರುತ್ತದೆ. ಬೆಳಗ್ಗೆ ಬಿಸಿಲು ತಾಗಿದಾಗ ಕರಗುತ್ತದೆ, ಆಕಾಶ ಶುಭ್ರವಾಗಿರುವಾಗಲೇ ಒಳಗೆ ಮಳೆ. ಮಾಡು ಕಡಿದಾಗಿದ್ದರೆ ಹನಿ ಜಾರಿ ಅಂಚಿಗೆ ಹೋಗುತ್ತದೆ. ಚಪ್ಪಟೆಯಾಗಿದ್ದರೆ ನೇರವಾಗಿ ಡೆಕ್ಕಿನ ಮೇಲೆ. ಮೇಲ್ಗಡೆ ಗಾಳಿಕಿಂಡಿ ಇಟ್ಟು, ಜಿಪ್ಪಿನ ಬಾಗಿಲನ್ನು ಸ್ವಲ್ಪ ಹೊತ್ತು ತೆರೆದು, ಒಣ ಚಳಿಗಾಳಿಯನ್ನು ಒಳಗೆ ಬಿಟ್ಟು, ಹಸಿ ಗಾಳಿಯನ್ನು ಹೊರಗೆ ಕಳಿಸಬೇಕು. ತೇವ ಒಣಗಿಸಲು ಚಳಿಯನ್ನೇ ಒಳಗೆ ಕರೆಯುವುದು ಮೊದಲ ಸಲ ನೋಡಿದವರಿಗೆ ಹುಚ್ಚಾಟ. ತಣ್ಣಗಿನ ಗಾಳಿಯಲ್ಲಿ ನೀರು ಇರುವುದೇ ಕಡಿಮೆ, ಅದು ಒಳಗೆ ಬಂದು ಬಿಸಿಯಾದಾಗ ಬಾಯಾರಿದ ಗಾಳಿಯಾಗುತ್ತದೆ, ಅಷ್ಟೇ ಗುಟ್ಟು.

ಒಂದು ಸೀಮೆಎಣ್ಣೆ ಹೀಟರ್ ಇಟ್ಟರಾಗದೇ? ಆಗದು. ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಒಣಗಿಸಲು ಹೋಗಿ ನೆನೆಸಿದಂತೆ. ಅದರ ಮೇಲೆ ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್, ಥಿನ್ನರಿನ ಆವಿಯ ಪಕ್ಕದಲ್ಲಿ ಬೆಂಕಿ. ವಿದ್ಯುತ್ ಹೀಟರ್ ಇಡಬಹುದು, ಅದಕ್ಕೂ ಲಗಾಮು ಬೇಕು. ಮರದ ದೋಣಿಯ ಹಲಗೆಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಒತ್ತಿಕೊಂಡಾಗಲೇ ದೋಣಿ ಸೋರದೆ ಇರುವುದು. ಚಳಿಗಾಲದಲ್ಲಿ ಒಳಗೆ ಧಗಧಗ ಬಿಸಿ ಮಾಡಿದರೆ ಹಲಗೆ ಒಣಗಿ, ಸಂದು ಬಾಯಿಬಿಟ್ಟು, ಬಣ್ಣ ಚೆನ್ನಾಗಿ ಬಂದ ದೋಣಿ ವಸಂತದಲ್ಲಿ ನೀರಿಗಿಳಿದ ಕೂಡಲೇ ಹೊಟ್ಟೆ ತುಂಬಾ ನೀರು ತುಂಬಿಕೊಳ್ಳುತ್ತದೆ. ಹಾಗಾಗಿ ಭಾವ ರಾತ್ರಿ ಒಂದು ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರನ್ನು ಅತಿ ಸಣ್ಣ ಬಿಸಿಯಲ್ಲಿ ಡೆಕ್ಕಿನ ಕೆಳಗಿಟ್ಟು, ಡೆಕ್ಕಿನ ಮೇಲೊಂದು ಹಳೆ ಕಂಬಳಿ ಹಾಸುತ್ತಾರೆ. ಉಳಿದದ್ದು ಸೂರ್ಯನ ಪಾಲು. ಹನಿ ನಿಂತು, ಡೆಕ್ಕು ಬೆಚ್ಚಗಾಗಿ, ಬಣ್ಣ ಬಳಿದು, ಸಂಜೆಯ ತೇವ ಇಳಿಯುವ ಮೊದಲು ಮೇಲ್ಮೈ ಕಟ್ಟಿಕೊಳ್ಳಬೇಕು. ಇವೆಲ್ಲ ಲೆಕ್ಕ ಹಾಕಿದರೆ ದಿನಕ್ಕೆ ಸಿಗುವುದು ಹತ್ತೂವರೆಯಿಂದ ಒಂದು ಗಂಟೆಯವರೆಗಿನ ಹೊತ್ತು. ಅದೂ ಬಿಸಿಲಿದ್ದರೆ.

ಭಾವನಿಗೆ ಈ ಹೊಂಚು ಹಾಕುವ ಕೆಲಸ ಹೊಸದಲ್ಲ. ಅವರು ಕಂಡ ಮಂಗಳೂರಿನಲ್ಲೂ ದೋಣಿಗೆ ಬಣ್ಣ ಬೀಳುವುದು ದುಡಿಮೆಯಿಲ್ಲದ ಕಾಲದಲ್ಲೇ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ಬಂದರಿನಲ್ಲಿ ಒತ್ತೊತ್ತಾಗಿ ಕಟ್ಟಿಕೊಂಡಿರುತ್ತವೆ, ಮೇಲೆ ಸುರಿಯುವ ಮಳೆ, ಮಳೆ ಬಿಟ್ಟ ಗಳಿಗೆಯಲ್ಲಿ ಉಜ್ಜು, ಬಳಿ, ಮತ್ತೆ ಟಾರ್ಪಾಲು ಎಳೆ. "ಅಲ್ಲಿ ಹೊಳವಾಗುದನ್ನು ಕಾಯುದು, ಇಲ್ಲಿ ಡಿಗ್ರಿ ಕಾಯುದು" ಎಂದು ಭಾವ ಒಂದೇ ಮಾತಿನಲ್ಲಿ ಮುಗಿಸಿದರು.

ಡೆಕ್ಕಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಇದು ಬರಿ ಹಲಗೆಯ ಡೆಕ್ಕಲ್ಲ. ಹಲಗೆಯ ಮೇಲೆ ದಪ್ಪ ಹತ್ತಿಯ ಹಾಯಿಬಟ್ಟೆ ಬಿಗಿದೆಳೆದು, ಅಂಚಿನಲ್ಲಿ ಸಣ್ಣ ತಾಮ್ರದ ಮೊಳೆ ಬಡಿದು, ಮೊಳೆ ಕಾಣದಂತೆ ಮರದ ಪಟ್ಟಿ ಮುಚ್ಚಿ, ಬಟ್ಟೆಗೆ ಬಣ್ಣ ಕುಡಿಸಿ ಮಾಡಿದ್ದು. ಫೈಬರ್ ಗ್ಲಾಸ್ ಬರುವ ಮೊದಲು ಸಣ್ಣ ದೋಣಿಗಳಲ್ಲಿ ಇದೇ ಪದ್ಧತಿ. ಮರ ಹಿಗ್ಗಲಿ ಕುಗ್ಗಲಿ, ಬಟ್ಟೆ ಅದರ ಜೊತೆ ಅಷ್ಟಿಷ್ಟು ಹೊಂದಿಕೊಂಡು ಹೋಗುತ್ತದೆ. ಬಣ್ಣವೂ ಹಾಗೆಯೇ ಹೊಂದಿಕೊಳ್ಳಬೇಕು. ವರ್ಷವರ್ಷವೂ ಧಾರಾಳವಾಗಿ ಬಳಿಯುತ್ತ ಬಂದರೆ ಪದರದ ಮೇಲೆ ಪದರ ಸೇರಿ, ಬಟ್ಟೆಯ ನೇಯ್ಗೆ ಮುಚ್ಚಿ, ಚಿಪ್ಪಿನಂತೆ ಗಡುಸಾಗುತ್ತದೆ. ಗಡುಸಾದದ್ದು ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರಿಗೆ ಮೇಲೆ ಬರಲು ದಾರಿಯಿಲ್ಲ, ಕೆಳಗಿನ ಮರ ಕುಂಬಾಗುತ್ತದೆ. ಹೆಚ್ಚು ಬಳಿದಷ್ಟೂ ಹೆಚ್ಚು ರಕ್ಷಣೆ ಎಂದುಕೊಂಡವರ ದೋಣಿಗಳೇ ಮೊದಲು ಕೆಡುವುದು.

ಆದ್ದರಿಂದ ಬಳಿಯುವುದಕ್ಕಿಂತ ಮೊದಲು ತೆಗೆಯುವುದು. ಜನವರಿಯಿಡೀ ಆ ಕೆಲಸ. ಹಳೆಯ ಪದರಗಳಲ್ಲಿ ಸೀಸ ಇರುವ ಸಂಭವ ಜಾಸ್ತಿ. ಅಮೆರಿಕದಲ್ಲಿ ಮನೆಗೆ ಬಳಿಯುವ ಬಣ್ಣದಿಂದ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಒಣದಾಗಿ ಉಜ್ಜಿದರೆ ಧೂಳು ನೇರ ಪುಪ್ಪುಸಕ್ಕೆ. ಆದ್ದರಿಂದ ನೀರು ತಾಗಿಸಿದ ಸ್ಯಾಂಡ್ ಪೇಪರು, ಮೂಗಿಗೆ ಸರಿಯಾದ ಮಾಸ್ಕು, ಒರೆಸಿದ ಬಟ್ಟೆಯನ್ನು ಚೀಲ ಕಟ್ಟಿ ಬೇರೆ ಇಡುವುದು. ಮೆಷಿನ್ ತರುವ ಮಾತಿಲ್ಲ, ಒಂದು ಕ್ಷಣ ಕೈ ತಪ್ಪಿದರೆ ಬಟ್ಟೆಯ ಎಳೆಯೇ ಕಿತ್ತುಬರುತ್ತದೆ. ಬೇಸರದ ಕೆಲಸ, ಅದರ ಬಗ್ಗೆ ಸುಂದರವಾಗಿ ಬರೆಯಲು ನನಗೆ ಮನಸ್ಸಿಲ್ಲ. ಆದರೆ ಅದರ ಕೊನೆಯ ದಿನ ಒಂದು ಗಳಿಗೆ ಉಂಟು. ಬೆರಳ ತುದಿಯನ್ನು ಡೆಕ್ಕಿನ ಮೇಲೆ ಆಡಿಸುತ್ತ ಹೋದರೆ ನುಣ್ಣಗೆ, ನುಣ್ಣಗೆ, ಮತ್ತೆ ಒಂದು ಕಡೆ ಅದರ ಕೆಳಗಿನಿಂದ ಸಣ್ಣ ಸಣ್ಣ ಉಬ್ಬುಗಳ ಸಾಲು ಬೆರಳಿಗೆ ತಾಗುತ್ತದೆ. ಉದ್ದ ಎಳೆ, ಅಡ್ಡ ಎಳೆ. ಬಟ್ಟೆ ಸಿಕ್ಕಿತು. ಅಲ್ಲಿಗೆ ನಿಲ್ಲಿಸಬೇಕು.

ಇನ್ನು ಬಣ್ಣ. ಕೊಲ್ಲಿಯ ಇನ್ನೊಂದು ಮಗ್ಗುಲಿಗೆ ನ್ಯೂ ಬೆಡ್‌ಫರ್ಡ್ ಇದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಜಗತ್ತಿನ ತಿಮಿಂಗಿಲ ಬೇಟೆಯ ರಾಜಧಾನಿ ಅದು. 'ಮೋಬಿ ಡಿಕ್' ಬರೆದ ಹರ್ಮನ್ ಮೆಲ್ವಿಲ್ ತಿಮಿಂಗಿಲ ಹಡಗು ಹತ್ತಿ ಹೊರಟದ್ದು ಇದೇ ರೇವಿನಿಂದ, 1841ರ ಜನವರಿ 3ರಂದು. ನಮ್ಮ ದೋಣಿ ಕಂಬಳಿ ಹೊದ್ದು ಮಲಗುವ ತಿಂಗಳಲ್ಲಿ ಆ ಜನ ಸಮುದ್ರಕ್ಕೆ ಇಳಿಯುತ್ತಿದ್ದರು. ಆ ಹಡಗುಗಳ ಕಾಲದಲ್ಲಿ, 1846ರಲ್ಲಿ, ಅಲ್ಲಿ ಶುರುವಾದ ಕರ್ಬಿ ಎಂಬ ಬಣ್ಣದ ಕಂಪನಿಯ ಡಬ್ಬಿಗಳು ಇವತ್ತಿಗೂ ಸಿಗುತ್ತವೆ. ಅದು ಎಣ್ಣೆ ಬಣ್ಣ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವ ಹಳೆ ಜಾತಿಯದು. ಎರಡು ಡಬ್ಬಿ ಬೆರೆಸಿ ಹಚ್ಚುವ ಪಾಲಿಯುರೆಥೇನ್ ಇದಕ್ಕಿಂತ ಎಷ್ಟೋ ಗಟ್ಟಿ, ಕನ್ನಡಿಯಂಥ ಹೊಳಪು. ಆದರೆ ಅದರ ಐಸೊಸಯನೇಟ್ ಆವಿ ಶ್ವಾಸಕ್ಕೆ ಅಪಾಯ, ಮುಚ್ಚಿದ ಹೊದಿಕೆಯೊಳಗೆ ಅದರ ತಂಟೆಗೇ ಹೋಗಬಾರದು. ಜೊತೆಗೆ ಹತ್ತಿ ಬಟ್ಟೆಯ ಮೇಲೆ ಆ ಗಡಸುತನ ಯಾರಿಗೆ ಬೇಕಿದೆ?

ಡೆಕ್ಕಿಗೆ ಬಿಳಿ ಬಳಿದರೆ ಜುಲೈಯ ಬಿಸಿಲಿಗೆ ಕಣ್ಣು ಬಿಡಲಾಗದು. ಕಡು ಬಣ್ಣ ಬಳಿದರೆ ಬರಿಗಾಲು ಇಡಲಾಗದು, ಕೆಳಗಿನ ಮರವೂ ಕಾದು ಬಿರಿಯುತ್ತದೆ. ಹಳಬರು ಆರಿಸಿಕೊಂಡದ್ದು ಇವೆರಡರ ನಡುವೆ. ಬಿಳಿಗೆ ಒಂದಿಷ್ಟು ಹಳದಿ ಕಾವಿ, ಆ ಹಳದಿ ಕಿರುಚದಂತೆ ಒಂದು ತೊಟ್ಟು ಕಂದು. ಒಣ ಹುಲ್ಲು ಎನ್ನೋಣವೆಂದರೆ ಅಷ್ಟು ಹಳದಿಯಲ್ಲ, ಕೆನೆ ಎನ್ನೋಣವೆಂದರೆ ಅಷ್ಟು ಬೆಳ್ಳಗಿಲ್ಲ. ಡಬ್ಬಿಯಲ್ಲಿ ನೋಡಿದರೆ ಸರಕಾರಿ ಕಚೇರಿಯ ಗೋಡೆ ನೆನಪಾಗುತ್ತದೆ, ನಿಜ ಹೇಳಬೇಕೆಂದರೆ ನನಗೆ ಮೊದಲು ಇಷ್ಟವಾಗಲಿಲ್ಲ. ಅದನ್ನು ವಾರ್ನಿಷ್ ಹಚ್ಚಿದ ಓಕ್ ಮರದ ಕೆಂಜೇನು ಬಣ್ಣದ ಪಕ್ಕದಲ್ಲಿ ಇಟ್ಟು ನೋಡಬೇಕು. ಮರ ಹೊಳೆಯುತ್ತದೆ, ಡೆಕ್ಕು ಹೊಳೆಯುವುದಿಲ್ಲ. ತಾನು ಹಿಂದೆ ಸರಿದು ಮರವನ್ನು ಮುಂದೆ ಬಿಡುವ ಬಣ್ಣ ಅದು. ಹೊಳಪು ಇನ್ನಷ್ಟು ತಗ್ಗಲೆಂದು ಅದಕ್ಕೆ ಮ್ಯಾಟ್ ಮಾಡುವ ಪುಡಿಯನ್ನೂ ಬೆರೆಸುತ್ತಾರೆ. ದೋಣಿಯ ಪಕ್ಕೆಗೆ ಹೊಳಪು ಸಲ್ಲುತ್ತದೆ. ಡೆಕ್ಕಿಗೆ ಹೊಳಪು ಬಳಿಯುವವರ ರುಚಿಯ ಬಗ್ಗೆ ನನಗೆ ಅನುಮಾನ.

ಬಣ್ಣದ ಡಬ್ಬಿ ಹಿಂದಿನ ರಾತ್ರಿ ಹೊರಗೆ ಇರಕೂಡದು. ಚಳಿಗೆ ಅದು ಜೇನಿಗಿಂತ ಮಂದವಾಗಿ, ಬ್ರಷ್ಷನ್ನೇ ಹಿಡಿದೆಳೆಯುತ್ತದೆ. ಆದ್ದರಿಂದ ಡಬ್ಬಿ, ಬ್ರಷ್ಷು, ರೋಲರು ಎಲ್ಲ ಅಕ್ಕನ ಅಡುಗೆಮನೆಯ ಮೂಲೆಯಲ್ಲಿ, ದೋಸೆ ಹಿಟ್ಟು ಹುದುಗಲು ಇಟ್ಟ ಪಾತ್ರೆಯ ನೆರೆಯಲ್ಲಿ. ಹಿಟ್ಟಿಗೂ ಬಣ್ಣಕ್ಕೂ ಈ ದೇಶದಲ್ಲಿ ಬೆಚ್ಚಗಿನ ಮೂಲೆ ಅದೊಂದೇ. ಅಕ್ಕ ಇದನ್ನು ಸಹಿಸಿಕೊಂಡಿದ್ದಾಳೆ, ಒಪ್ಪಿಲ್ಲ. ಬೆಳಗ್ಗೆ ಇನ್ನೂ ಮಂದವೆನಿಸಿದರೆ ಡಬ್ಬಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಒಂದಿಷ್ಟು ಹೊತ್ತು ಕೂರಿಸಬೇಕು. ಒಲೆಯ ಹತ್ತಿರ ಒಯ್ಯುವುದೇ ಬೇಡ.

"ಎಷ್ಟುಂಟು?" ಎಂದರು ಭಾವ.

"ಎಡಗಡೆ ಹದಿಮೂರು, ಬಲಗಡೆ ಹದಿನಾರು. ಹನಿ ನಿಂತಿದೆ ಭಾವ."

"ಹಾಗಾದ್ರೆ ಇನ್ನೆಂತ ಮಾರಾಯ, ಶುರು ಮಾಡು."

ಇಬ್ಬರ ಕೆಲಸ ಇದು. ಒಬ್ಬರು ಅಂಗೈ ಅಗಲದ ಸ್ಪಂಜಿನ ರೋಲರ್ ಉರುಳಿಸುತ್ತ ಬಣ್ಣವನ್ನು ತೆಳ್ಳಗೆ ಹರಡಬೇಕು. ಇನ್ನೊಬ್ಬರು ಬರಿಯ ಬ್ರಷ್ಷಿನ ತುದಿಯಿಂದ ಅದರ ಮೇಲೆ ಒಂದೇ ಸಲ, ಒಂದೇ ದಿಕ್ಕಿಗೆ ಎಳೆಯಬೇಕು. ರೋಲರ್ ಬಿಟ್ಟುಹೋದ ಸಣ್ಣ ಗುಳ್ಳೆಗಳನ್ನು ಒಡೆದು, ಚುಕ್ಕೆಗಳನ್ನು ಮಲಗಿಸುವುದಷ್ಟೇ ಬ್ರಷ್ಷಿನ ಕೆಲಸ. ಬಣ್ಣ ಬಳಿಯಲು ಅದಕ್ಕೆ ಹಕ್ಕಿಲ್ಲ. ರೋಲರ್ ನನ್ನದು, ಬ್ರಷ್ಷು ಭಾವನದು. ಮೂತಿಯಿಂದ ಶುರುಮಾಡಿ ಹಿಂದಕ್ಕೆ ಬರುತ್ತೇವೆ, ಇಲ್ಲದಿದ್ದರೆ ನಾವೇ ಹಸಿ ಬಣ್ಣದ ಆಚೆ ಸಿಕ್ಕಿಕೊಳ್ಳುತ್ತೇವೆ. ಮಾಡು ತಗ್ಗು, ನಿಂತರೆ ತಲೆ ತಾಗುತ್ತದೆ, ಕೂತರೆ ಮೊಣಕಾಲು ಅಡ್ಡ ಬರುತ್ತದೆ. ಒಂದು ಪಟ್ಟಿ ಮುಗಿದು ಮುಂದಿನ ಪಟ್ಟಿ ಅದಕ್ಕೆ ಸೇರುವಾಗ ಹಿಂದಿನದರ ಅಂಚು ಹಸಿಯಾಗಿರಬೇಕು. ಅಂಚು ಒಣಗಿದ್ದರೆ ಎರಡು ಪಟ್ಟಿಗಳ ನಡುವೆ ಗೆರೆ ಬೀಳುತ್ತದೆ, ಅದು ಯಾವತ್ತೂ ಹೋಗುವುದಿಲ್ಲ.

ಇಲ್ಲಿ ಚಳಿ ತನ್ನ ಎರಡನೆಯ ಉಪಕಾರ ಮಾಡುತ್ತದೆ. ಜುಲೈ ತಿಂಗಳಲ್ಲಿ ಕಾದ ಡೆಕ್ಕಿನ ಮೇಲೆ ಬಣ್ಣ ತಾಗಿದ ಕೂಡಲೇ ಅಂಟಾಗುತ್ತದೆ. ಬ್ರಷ್ಷಿನ ಪ್ರತಿ ಕೂದಲಿನ ಗುರುತೂ ಹಾಗೇ ಉಳಿದುಬಿಡುತ್ತದೆ. ಹದಿಮೂರು ಡಿಗ್ರಿಯ ಮರದ ಮೇಲೆ ಎಣ್ಣೆ ಬಣ್ಣಕ್ಕೆ ಆತುರವಿಲ್ಲ. ಹತ್ತಿರ ಬಾಗಿ ನೋಡಿದೆ. ಬ್ರಷ್ಷು ಹೋದ ಜಾಗದಲ್ಲಿ ಉತ್ತ ಹೊಲದಂತೆ ಸಣ್ಣ ಸಾಲುಗಳು. ಸಾಲಿನ ಏಣು ಮೆಲ್ಲಗೆ ಕುಸಿಯುತ್ತದೆ, ತಗ್ಗು ಮೆಲ್ಲಗೆ ಏರುತ್ತದೆ, ಎರಡೂ ಒಂದು ಮಟ್ಟಕ್ಕೆ ಬರುವುದು ಕಣ್ಣಿಗೆ ಕಾಣುವಷ್ಟು ನಿಧಾನ. ಮಟ್ಟವಾದ ಮೇಲೆ ಬಣ್ಣ ಇನ್ನೂ ಸ್ವಲ್ಪ ಇಳಿಯುತ್ತದೆ. ಆಗ ಅದರೊಳಗಿನಿಂದ ಬಟ್ಟೆಯ ನೇಯ್ಗೆ ಏಳುತ್ತದೆ, ಅಡ್ಡ ಎಳೆ ಮೊದಲು, ಉದ್ದ ಎಳೆ ಆಮೇಲೆ. ಬಣ್ಣ ಬಳಿದ ಮೇಲೆ ಬಟ್ಟೆ ಮರೆಯಾಗಬೇಕಲ್ಲ, ಇದು ಬಳಿದ ಮೇಲೆ ಕಾಣಿಸಿಕೊಳ್ಳುತ್ತದೆ. ತೆಳ್ಳಗೆ ಹರಡಿದ ಕೈಗೆ ಮಾತ್ರ ಈ ನೋಟ ಸಿಗುವುದು. ದಪ್ಪ ಬಳಿದವರ ಡೆಕ್ಕಿನಲ್ಲಿ ಬಣ್ಣ ಇರುತ್ತದೆ, ಬಟ್ಟೆ ಇರುವುದಿಲ್ಲ.

ಆ ನೇಯ್ಗೆಯಿಂದ ಇನ್ನೊಂದು ಲಾಭ. ಕಾಲು ಜಾರುವುದಿಲ್ಲ. ಫೈಬರ್ ಗ್ಲಾಸಿನ ನುಣುಪು ಡೆಕ್ಕುಗಳಿಗೆ ಹಿಡಿತ ಬರಿಸಲು ಜನ ಪಡುವ ಪಾಡು ನೋಡಬೇಕು. ಹಸಿ ಬಣ್ಣದ ಮೇಲೆ ಜರಡಿ ಹಿಡಿದ ಮರಳು ಉದುರಿಸುತ್ತಾರೆ. ಅರೆದ ಅಕ್ರೋಟು ಚಿಪ್ಪಿನ ಪುಡಿ ಬೆರೆಸುತ್ತಾರೆ. ಕೆಲವರು ಸಕ್ಕರೆ ಎರಚಿ, ಬಣ್ಣ ಒಣಗಿದ ಮೇಲೆ ಬಿಸಿನೀರಿನಲ್ಲಿ ತೊಳೆದು ಕರಗಿಸಿ, ಉಳಿದ ಕುಳಿಗಳೇ ಕಾಲಿಗೆ ಹಿಡಿತವಾಗುವಂತೆ ಮಾಡುತ್ತಾರೆ. ಜಾಣತನವೇ, ಆದರೆ ಹತ್ತಿ ಬಟ್ಟೆ ಇದನ್ನೆಲ್ಲ ಬಿಟ್ಟಿಯಾಗಿ ಕೊಡುತ್ತಿತ್ತು.

ವಾಸನೆಯ ಮಾತು ಬಿಟ್ಟರೆ ಅಪೂರ್ಣ. ಎಣ್ಣೆ ಬಣ್ಣ, ಥಿನ್ನರು, ಹಳೆ ಸೀಡರ್ ಹಲಗೆ, ಇವುಗಳ ಜೊತೆ ಬಾಗಿಲ ಸಂದಿಯಿಂದ ನುಗ್ಗುವ ಹಿಮದ ಗಾಳಿ. ಹಿಮಕ್ಕೆ ವಾಸನೆಯಿಲ್ಲ ಎನ್ನುತ್ತಾರೆ. ಬೇರೆ ಎಲ್ಲ ವಾಸನೆಗಳನ್ನು ಅದು ಬಿಡಿಬಿಡಿಯಾಗಿ ಇಡುತ್ತದೆ. ಮಳೆಗಾಲದ ಬಂದರಿನಲ್ಲಿ ಎಲ್ಲವೂ ಕಲೆಸಿ ಒಂದೇ ಆಗುವ ಹಾಗಲ್ಲ. ಈ ವಾಸನೆಯನ್ನು ಬಹಳ ಹೊತ್ತು ಸವಿಯುವಂತಿಲ್ಲ, ತಲೆ ಹಗುರವಾಗತೊಡಗಿದರೆ ಎದ್ದು ಹೊರಗೆ ಹೋಗಿ ನಿಲ್ಲಬೇಕು. ಹೊರಗೆ ನಿಂತಾಗ ಹೊದಿಕೆಯ ಮೇಲೆ ಭಾವನ ನೆರಳು ಬಗ್ಗುವುದು, ಏಳುವುದು ಕಾಣುತ್ತದೆ. ತೊಗಲುಗೊಂಬೆಯಾಟಕ್ಕೆ ಹಗಲಿನ ಪ್ರದರ್ಶನ.

ಕೊನೆಗೆ ಟೇಪು. ಓಕ್ ಪಟ್ಟಿಯ ಅಂಚಿಗೆ, ಲೋಹದ ಕೊಕ್ಕೆಗಳು ಕೂರುವ ಜಾಗದ ಸುತ್ತ ಅಂಟಿಸಿದ್ದ ಟೇಪನ್ನು ಬಣ್ಣ ಹಸಿಯಿರುವಾಗಲೇ ತೆಗೆಯಬೇಕು. ಒಣಗಿದ ಮೇಲೆ ಎಳೆದರೆ ಬಣ್ಣದ ಸಿಪ್ಪೆಯೂ ಜೊತೆಗೆ ಬರುತ್ತದೆ. ಮೂಲೆಗಳನ್ನು ಚೂಪಾಗಿ ಬಿಟ್ಟರೆ ಅಲ್ಲಿಂದಲೇ ಬಣ್ಣ ಏಳುತ್ತದೆಂದು ಭಾವ ಒಂದು ನಾಣ್ಯ ಇಟ್ಟು ಬ್ಲೇಡಿನಿಂದ ಟೇಪಿಗೆ ದುಂಡು ಮೂಲೆ ಕತ್ತರಿಸಿದ್ದರು. ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿ, ಅದರ ಮೇಲೆಯೇ ಹಿಂದಕ್ಕೆ ಮಡಚಿ, ಒಂದೇ ವೇಗದಲ್ಲಿ ಎಳೆಯುತ್ತ ಹೋದರು. ಹಿಂದೆ ಉಳಿಯುತ್ತಿದ್ದ ಗೆರೆ ನೋಡಿ ನಾನು ರೋಲರ್ ಕೆಳಗಿಡುವುದನ್ನೂ ಮರೆತೆ. ಒಂದು ಕಡೆ ಕೆಂಜೇನು, ಒಂದು ಕಡೆ ಮಂಕು ಹಳದಿ, ನಡುವೆ ಯಾವ ಅನುಮಾನವೂ ಇಲ್ಲ. ಆ ದುಂಡು ಮೂಲೆಗೆ ಬಂದಾಗ ಅವರ ಮಣಿಕಟ್ಟು ತಾನೂ ಅಷ್ಟೇ ದುಂಡಗೆ ತಿರುಗಿತು.

ಭಾವ ಕೈದೀಪವನ್ನು ಡೆಕ್ಕಿಗೆ ಒರಗಿಸಿ ಅಡ್ಡ ಹಿಡಿದು ಒಂದು ಸುತ್ತು ನೋಡಿದರು. ಹೊದಿಕೆಯ ಬೆಳಕು ಬಣ್ಣ ನೋಡಲು ಒಳ್ಳೆಯದಾದರೂ ತಪ್ಪು ಹುಡುಕಲು ಈ ಅ‌ಡ್ಡ ಬೆಳಕೇ ಬೇಕು. ಬಲಗಡೆ ಒಂದು ಕಡೆ ರೋಲರ್ ತಾಗದ ಉಗುರಗಲದ ಜಾಗ. ಈಗ ಮುಟ್ಟುವಂತಿಲ್ಲ, ಎರಡನೇ ಕೋಟಿಗೆ ಸರಿಯಾಗುತ್ತದೆ. ಗಂಟೆ ಒಂದಕ್ಕೆ ಐದು ನಿಮಿಷ ಇತ್ತು. ಮೇಲಿನ ಗಾಳಿಕಿಂಡಿ ಅರ್ಧ ಮುಚ್ಚಿ, ಜಿಪ್ ಎಳೆದು, ಮನೆಯೊಳಗೆ ಬಂದೆವು. ಭಾವ ಕೈಗೆ ಎಣ್ಣೆ ಹಚ್ಚಿ ಬಣ್ಣ ಉಜ್ಜುತ್ತ, ಫೋನಿನಲ್ಲಿ ಹವಾಮಾನ ನೋಡಿದರು.

"ನಾಳೆ ಮೋಡ. ನಾಡಿದ್ದು ಹಿಮ ಬೀಳ್ತದಂತೆ. ಗುರುವಾರ ಬಿಸಿಲುಂಟು. ಗುರುವಾರ ಎರಡನೇ ಕೋಟು."

ಅಕ್ಕ ಒಲೆಯ ಮುಂದಿನಿಂದ ತಿರುಗಿ, "ಅಂದ್ರೆ ಗುರುವಾರದವರೆಗೆ ಆ ಡಬ್ಬಿ ನನ್ನ ಅಡುಗೆಮನೆಯಲ್ಲೇ ಇರ್ತದಾ?" ಎಂದಳು.

"ಮೂರನೇ ಕೋಟು ಬೇಕಾದ್ರೆ ಅದರ ಮುಂದಿನ ವಾರದವರೆಗೂ" ಎಂದರು ಭಾವ.